ಎರಡೂವರೆಗೆ ಹಾಕ್ಬಿಡಮ್ಮ

ನಾನು ಕೆಲಸ ಮಾಡುವ ಕಂಪನಿಯಿಂದ ಮಂಗಳವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ಯಾವ ಸಾಫ್ಟ್‌ವೇರೂ ಹೊರಗೆ ಹೋಗುವುದಿಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೂ ಅಷ್ಟೇ. ವಾರದ ಏಳೂ ದಿನದ ರಾಹುಕಾಲವನ್ನು ಕಂಪ್ಯೂಟರಿಗೆ ಬರೆದುಕೊಟ್ಟವಳು ನಾನೇ. ಹೊಸದಾಗಿ ಸೇರಿದ ಹುಡುಗರು ಆ ಏಳು ಸಾಲು ಓದಿ ಬಿದ್ದು ಬಿದ್ದು ನಗುತ್ತಾರೆ. ನಗಲಿ. ಅದನ್ನು ಬರೆಯುವ ಮೊದಲು ನಾನು ಪಟ್ಟ ಪಾಡು ಅವರಿಗೇನು ಗೊತ್ತು?

ನಮ್ಮ ಆಫೀಸು ದೇವನಹಳ್ಳಿ ದಾಟಿದ ಮೇಲೆ ರಸ್ತೆ ಪಕ್ಕದ ಕಟ್ಟಡವೊಂದರ ಮೊದಲ ಮಹಡಿಯಲ್ಲಿತ್ತು. ಕೆಳಗೆ ಗೊಬ್ಬರದ ಅಂಗಡಿ, ಅದರ ಪಕ್ಕ ಟೀ ಅಂಗಡಿ. ಏರ್‌ಪೋರ್ಟ್ ಬಂದು ಎಂಟು ಹತ್ತು ವರ್ಷವಾಗಿತ್ತು. ವಿಮಾನ ತಲೆಯ ಮೇಲೆ ಹೋಗುವಾಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವುದು ನಮಗೆಲ್ಲ ರೂಢಿಯಾಗಿಬಿಟ್ಟಿತ್ತು. ಸಾಫ್ಟ್‌ವೇರ್ ಕಂಪನಿ ಅಂದರೆ ಗಾಜಿನ ಕಟ್ಟಡ ಅಂದುಕೊಳ್ಳುತ್ತಾರೆ ಜನ. ನಮ್ಮಲ್ಲಿ ಗಾಜು ಅಂತ ಇದ್ದದ್ದು ಯಜಮಾನರ ಕನ್ನಡಕದಲ್ಲಿ ಮಾತ್ರ. ಅವರು ಬೆಂಗಳೂರಿನ ಹಳೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೈದು ವರ್ಷ ದುಡಿದು, ಅದು ಮುಚ್ಚುವ ಹೊತ್ತಿಗೆ ಹೊರಬಿದ್ದು, ಈ ಕಂಪನಿ ಶುರು ಮಾಡಿದವರು. ನಾವು ಅವರನ್ನು ಎದುರಿಗೆ ಸರ್ ಅಂತಲೂ ಹಿಂದೆ ಪಂಚಾಂಗ ಅಂತಲೂ ಕರೆಯುತ್ತಿದ್ದೆವು.

ಹಳ್ಳಿ ಡೈರಿಗಳಲ್ಲಿ ಜನ ತಂದು ಹಾಕುವ ಹಾಲನ್ನು ಟ್ಯಾಂಕರ್ ಬರುವ ತನಕ ತಣ್ಣಗಿಡಲು ದೊಡ್ಡ ಸ್ಟೀಲ್ ಟ್ಯಾಂಕ್ ಇರುತ್ತದೆ. ಅದರ ಪಕ್ಕದ ಗೋಡೆಗೆ ಹೊಡೆದ ಪುಟ್ಟ ಪೆಟ್ಟಿಗೆ ನಮ್ಮದು. ಹಾಲು ಎಷ್ಟು ತಣ್ಣಗಿದೆ ಅನ್ನುವುದನ್ನು ಅದು ಗಂಟೆಗೊಂದು ಸಲ ನೋಡಿ, ಹಾಲು ಒಕ್ಕೂಟದ ಆಫೀಸಿಗೆ ತಿಳಿಸುತ್ತದೆ. ಆ ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್ ಬರೆಯುವವರು ನಮ್ಮಲ್ಲಿ ನಾಲ್ಕು ಜನ, ಬರೆದದ್ದನ್ನು ಪರೀಕ್ಷೆ ಮಾಡುವವನು ಒಬ್ಬ. ಎಲ್ಲ ಮುಗಿದು ಇದಿನ್ನು ಡೈರಿಗೆ ಹೋಗಬಹುದು ಅಂತ ಆದಾಗ, ಆ ಹೊತ್ತಿಗೆ ಬರೆದಿದ್ದ ಸಾಫ್ಟ್‌ವೇರಿಗೆ ಒಂದು ಸಂಖ್ಯೆಯ ಗುರುತು ಹಾಕಬೇಕು. 2.1, 2.2, 2.3, ಹೀಗೆ. ಅದಕ್ಕೆ ಟ್ಯಾಗ್ ಅನ್ನುತ್ತಾರೆ. ಟ್ಯಾಗ್ ಬಿದ್ದ ಮೇಲೆ ಊರೂರಿನ ಪೆಟ್ಟಿಗೆಗಳು ಹೊಸ ಸಾಫ್ಟ್‌ವೇರನ್ನು ತಾವೇ ಎಳೆದುಕೊಳ್ಳುತ್ತವೆ.

ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುವ ಕೆಲಸ ಅದು. ಆದರೆ ಒತ್ತುವ ಹಕ್ಕು ನನ್ನದಾಗಿತ್ತು. ಮೊದಲ ದಿನದಿಂದ ಇದ್ದವಳು ಅಂತ ಯಜಮಾನರು ನನಗೇ ವಹಿಸಿದ್ದರು. ಆಫೀಸಿನವರು ನನ್ನನ್ನು ಟ್ಯಾಗಮ್ಮ ಅಂತ ರೇಗಿಸುತ್ತಿದ್ದರು. ಮೇಲೆ ಮೂತಿ ಊದಿಸಿಕೊಂಡರೂ ಒಳಗೊಳಗೇ ನನಗದು ಖುಷಿ. ಪರೀಕ್ಷೆ ಮಾಡುವ ಹುಡುಗ, ನೆಲಮಂಗಲದ ಹತ್ತಿರ ಅರಿಶಿನಕುಂಟೆಯವನು, ಬಂದ ಹೊಸತರಲ್ಲಿ ಒಮ್ಮೆ ಹೇಳಿದ್ದ.

"ಅಕ್ಕ, ಈ ಟ್ಯಾಗ್ ಹಾಕೋದನ್ನ ಆಟೋಮ್ಯಾಟಿಕ್ ಮಾಡ್ಬಿಡೋಣ. ಟೆಸ್ಟ್ ಪಾಸಾದ್ರೆ ಅದೇ ಹಾಕ್ಕೊಳ್ಳುತ್ತೆ."

"ನೀನು ನೆಟ್ಟಗೆ ಟೆಸ್ಟ್ ಮಾಡೋದ್ ಕಲಿಯಪ್ಪಾ ಮೊದ್ಲು. ನನ್ನ ಕೆಲ್ಸದ ಮೇಲೆ ಕಣ್ಣು ಹಾಕ್ಬೇಡ" ಅಂದಿದ್ದೆ. ಪಾಪ, ಮತ್ತೆ ಆ ಸುದ್ದಿ ಎತ್ತಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆಗಲೂ ಈಗಲೂ.

ಟ್ಯಾಗ್ ಹಾಕುವುದರಲ್ಲಿ ಇದ್ದ ನಿಜವಾದ ಕಷ್ಟ ಯಜಮಾನರ ಪಂಚಾಂಗ. ರಾಹುಕಾಲದಲ್ಲಿ ಹಾಕುವಂತಿಲ್ಲ. ಅಮಾವಾಸ್ಯೆ ಬಂದರೆ ಮಾರನೆಯ ದಿನ. ಸಂಖ್ಯೆಯಲ್ಲೂ ಅವರದೇ ಲೆಕ್ಕ. ಎಂಟು ಶನಿಯ ಸಂಖ್ಯೆ ಅಂತ 1.7 ಆದ ಮೇಲೆ ನೇರ 1.9 ಹಾಕಿಸಿದ್ದರು. ನಾವು ನಕ್ಕು ಸುಮ್ಮನಾಗಿದ್ದೆವು. ಇಂಥದಕ್ಕೆಲ್ಲ ನಮ್ಮ ಮನೆಗಳಲ್ಲಿ ಅಭ್ಯಾಸವಿದ್ದವರೇ ತಾನೇ ಎಲ್ಲರೂ.

ಆ ವರ್ಷ ನಾನು ಹೆರಿಗೆ ರಜೆ ಮುಗಿಸಿ ವಾಪಸ್ ಬಂದು ಎರಡು ತಿಂಗಳಾಗಿತ್ತು. ಮಗುವನ್ನು ಸೂಲಿಬೆಲೆಯ ಮನೆಯಲ್ಲಿ ಅತ್ತೆಯ ಹತ್ತಿರ ಬಿಟ್ಟು ಬೆಳಗ್ಗೆ ಬಸ್ಸು ಹತ್ತುತ್ತಿದ್ದೆ. ಬಂದ ಮೊದಲ ವಾರದಲ್ಲೇ ಯಜಮಾನರು ಯಾರಿಗೋ ಫೋನಿನಲ್ಲಿ, "ಹೆಣ್ಮಕ್ಕಳಿಗೆ ಮಗು ಆದ್ಮೇಲೆ ಮನಸ್ಸು ಅರ್ಧ ಮನೇಲೇ ಇರುತ್ತೆ ಬಿಡಿ" ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಅದು ನನ್ನನ್ನು ಕುರಿತೇ ಹೇಳಿದ್ದೋ ಇಲ್ಲವೋ, ನಾನು ಕೇಳಲಿಲ್ಲ. ಆದರೆ ಅವತ್ತಿನಿಂದ ಒಂದು ತಪ್ಪೂ ಆಗಬಾರದು ಅಂತ ಹಲ್ಲು ಕಚ್ಚಿ ಕೆಲಸ ಮಾಡುತ್ತಿದ್ದೆ. ಮನಸ್ಸು ಅರ್ಧ ಮನೆಯಲ್ಲಿ ಇದ್ದದ್ದಂತೂ ನಿಜ. ಯಾವ ತಾಯಿಗೆ ಇರುವುದಿಲ್ಲ?

ಅದೊಂದು ಮಂಗಳವಾರ. ಡೈರಿಗಳಲ್ಲಿ ಓಡುತ್ತಿದ್ದದ್ದು 2.3. ಯಜಮಾನರು ಹೊಸದಕ್ಕೆ ಒಪ್ಪಿಗೆ ಪಡೆಯಲು ಬೆಂಗಳೂರಿನ ಒಕ್ಕೂಟದ ಆಫೀಸಿಗೆ ಹೋಗಿದ್ದರು. ಅರಿಶಿನಕುಂಟೆಯ ಹುಡುಗ ಒಂದು ಪೆಟ್ಟಿಗೆ ಪರೀಕ್ಷಿಸಲು ನಮ್ಮೂರು ಸೂಲಿಬೆಲೆಯ ಡೈರಿಗೆ ಹೋಗಿದ್ದ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಊದಿಕೊಂಡು ರಿಪೇರಿಗೆ ಹೋಗಿದ್ದರಿಂದ ನಾನು ಅವನ ಕಂಪ್ಯೂಟರ್ ಮುಂದೆ ಕೂತಿದ್ದೆ. ಒಂದು ಗಂಟೆಗೆ ಯಜಮಾನರ ಫೋನ್ ಬಂತು.

"ಒಪ್ಪಿದ್ರು ಕಣಮ್ಮ. ಎರಡೂವರೆಗೆ ಹಾಕ್ಬಿಡಮ್ಮ. ಮೂರಕ್ಕೆ ಹೋಗೋದು ಬೇಡ."

"ಆಯ್ತು ಸರ್" ಅಂದೆ. ಫೋನ್ ಕಟ್ಟಾಯಿತು.

ನಾವು ಆಫೀಸಿನಲ್ಲಿ 1.5 ಅನ್ನು ಒಂದೂವರೆ ಅನ್ನುತ್ತಿದ್ದವರು. ಒಂದು ಪಾಯಿಂಟ್ ಐದು ಅಂತ ಬಾಯಿ ನೋಯಿಸಿಕೊಳ್ಳುವವರು ಯಾರು? ಹಾಗಾಗಿ ಎರಡೂವರೆ ಅಂದರೆ 2.5. ಮೂರಕ್ಕೆ ಹೋಗುವುದು ಬೇಡ ಅಂದರೆ 3.0 ಮಾಡಬೇಡ ಅಂತ. ಸರಿ, ನಡುವಿನ 2.4 ಎಲ್ಲಿ ಹೋಯಿತು? ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ನಾಲ್ಕು ರಾಹುವಿನ ಸಂಖ್ಯೆ. ಎಂಟನ್ನು ಬಿಟ್ಟವರು ನಾಲ್ಕನ್ನು ಬಿಡುವುದರಲ್ಲಿ ಆಶ್ಚರ್ಯವೇನಿದೆ ಅಂದುಕೊಂಡು, ಒಂದು ಹತ್ತಕ್ಕೆ 2.5 ಅಂತ ಟ್ಯಾಗ್ ಹಾಕಿ ಊಟಕ್ಕೆ ಎದ್ದೆ. ಮಗುವಿಗೆ ಅವತ್ತು ಸ್ವಲ್ಪ ಜ್ವರ ಇತ್ತು. ಊಟ ಮಾಡುತ್ತಾ ಅತ್ತೆಗೆ ಎರಡು ಸಲ ಫೋನ್ ಮಾಡಿದ್ದು ನೆನಪಿದೆ.

ಬುಧವಾರ ಬೆಳಗ್ಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒಕ್ಕೂಟದವರು ತಮ್ಮ ಪಟ್ಟಿಯಲ್ಲಿ ಬರೆದುಕೊಂಡು ಒಪ್ಪಿದ್ದು 2.4 ಅನ್ನು. ನಲವತ್ತೊಂದು ಊರಿನ ಪೆಟ್ಟಿಗೆಗಳು ಒಂದೇ ಸಮನೆ ನಾನು 2.5, ನಾನು 2.5 ಅಂತ ಹೋಗಿ ನಿಂತಿದ್ದವು. ಪಟ್ಟಿಯಲ್ಲಿಲ್ಲದ ಸಂಖ್ಯೆಯನ್ನು ಒಕ್ಕೂಟದ ಕಂಪ್ಯೂಟರ್ ಬಾಗಿಲಲ್ಲೇ ತಡೆದಿತ್ತು. ಹಾಲು ತಣ್ಣಗೇ ಇತ್ತು, ಕೆಡಲಿಲ್ಲ, ಅದೊಂದು ಪುಣ್ಯ. ಆದರೆ ಎಷ್ಟು ತಣ್ಣಗಿದೆ ಅನ್ನುವುದು ಒಕ್ಕೂಟಕ್ಕೆ ಕಾಣುತ್ತಿರಲಿಲ್ಲ. ಪ್ರತಿ ಡೈರಿಯ ಸೆಕ್ರೆಟರಿಯೂ ಬೆಳಗ್ಗೆ ಸಂಜೆ ಟ್ಯಾಂಕಿಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿ ಫೋನಿನಲ್ಲಿ ಹೇಳಬೇಕಾಯಿತು.

ತಿರುಗಿ 2.4 ಹಾಕಿಬಿಡೋಣ ಅಂದರೆ ಅದೂ ಆಗದು. ಆ ಪೆಟ್ಟಿಗೆಗೆ ಇದ್ದದ್ದು ಒಂದೇ ಬುದ್ಧಿ. ತನ್ನಲ್ಲಿರುವುದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ತಗೊಳ್ಳುತ್ತದೆ, ಚಿಕ್ಕದು ಬಂದರೆ ತಿರುಗಿ ಕೂಡ ನೋಡುವುದಿಲ್ಲ. ಒಕ್ಕೂಟದಿಂದ ಬೇರೆ ಸಂಖ್ಯೆಗೆ ಒಪ್ಪಿಗೆ ಬರಲು ಇನ್ನೊಂದು ತಿಂಗಳು. ಉಳಿದದ್ದು ಒಂದೇ ದಾರಿ. ಯಾರಾದರೂ ಲ್ಯಾಪ್‌ಟಾಪ್ ಹಿಡಿದು ಊರೂರಿಗೆ ಹೋಗಿ, ಪೆಟ್ಟಿಗೆ ಬಿಚ್ಚಿ, ವೈರು ಸಿಕ್ಕಿಸಿ ಕೈಯಿಂದ 2.4 ತುಂಬಬೇಕು.

"ಯಾರು ಹಾಕಿದ್ದು ಇದನ್ನ?" ಯಜಮಾನರು ಕೂಗಿದ್ದಕ್ಕೆ ಕೆಳಗಿನ ಗೊಬ್ಬರದ ಅಂಗಡಿಯವನು ತಲೆ ಎತ್ತಿ ನೋಡಿದನಂತೆ. ಅವರೇ ಪರದೆ ಮೇಲೆ ಟ್ಯಾಗಿನ ವಿವರ ತೆಗೆದು ನೋಡಿದರು. ಟ್ಯಾಗ್ ಜೊತೆ ಹಾಕಿದವರ ಹೆಸರೂ ದಾಖಲಾಗುತ್ತದೆ. ಯಾರ ಕಂಪ್ಯೂಟರಿನಿಂದ ಹೋಯಿತೋ ಅವರ ಹೆಸರು. ಅಲ್ಲಿ ಇದ್ದದ್ದು ಅರಿಶಿನಕುಂಟೆಯ ಹುಡುಗನ ಹೆಸರು.

ಯಜಮಾನರು ನನ್ನ ಕಡೆ ತಿರುಗಿದರು. "ನಿಂಗೆ ಹೇಳಿದ್ನಲ್ಲಮ್ಮ. ಇವನ ಕೈಗೆ ಕೊಟ್ಯಾ?"

ನಾನು ತಲೆ ಆಡಿಸಿದೆ. ನಮ್ಮ ಕಡೆ ತಲೆ ಆಡಿಸುವುದರಲ್ಲಿ ಒಂದು ಅನುಕೂಲವಿದೆ. ಅದು ಹೌದು ಅಂತಲೂ ಆಗುತ್ತದೆ, ಅಲ್ಲ ಅಂತಲೂ ಆಗುತ್ತದೆ. ಅವರು ಹೌದು ಅಂತ ತಗೊಂಡರು. ನಾನು ತಿದ್ದಲಿಲ್ಲ.

ಆ ಹುಡುಗ ಪಕ್ಕದಲ್ಲೇ ನಿಂತಿದ್ದ. ಪರದೆಯನ್ನು ಒಂದು ಸಲ ನೋಡಿದ, ನನ್ನನ್ನು ಒಂದು ಸಲ ನೋಡಿದ. ಆಮೇಲೆ, "ನಾನೇ ಎಲ್ಲಾ ಊರ್ಗೂ ಹೋಗಿ ಸರಿ ಮಾಡ್ಕೊಂಡ್ ಬರ್ತೀನಿ ಸರ್" ಅಂದ. ನನ್ನಿಂದಲ್ಲ ಅಂತ ಅವನು ಹೇಳಲಿಲ್ಲವಲ್ಲ! ತನ್ನ ಕಂಪ್ಯೂಟರಿನಲ್ಲಿ ತಾನೇ ಏನೋ ಬಿಟ್ಟುಹೋಗಿದ್ದೆ ಅಂದುಕೊಂಡಿರಬೇಕು ಅಂತ ನಾನೇ ನನಗೆ ಸಮಾಧಾನ ಹೇಳಿಕೊಂಡೆ. ಯಜಮಾನರ ಮೇಲೆ ಸಿಟ್ಟೂ ಬಂದಿತ್ತು. ಎರಡೂವರೆ ಹಾಕು ಅಂತ ಹೇಳಿದವರೂ ಅವರೇ, ಈಗ ಏನೂ ಹೇಳದವರ ಹಾಗೆ ಕೂಗುವವರೂ ಅವರೇ. ನೀವೇ ಹೇಳಿದ್ದು ಅಂತ ಎದುರಾಡಬೇಕು ಅನ್ನಿಸಿತು. ಆಗ, ಮನಸ್ಸು ಅರ್ಧ ಮನೆಯಲ್ಲೇ ಇರುತ್ತೆ ಬಿಡಿ ಅನ್ನುವ ಮಾತು ನೆನಪಾಯಿತು. ಬಾಯಿ ಮುಚ್ಚಿಕೊಂಡೆ.

ಸಂಜೆ ಗೊತ್ತಾಯಿತು, ಪೆಟ್ಟು ಬಿದ್ದದ್ದು ಎಲ್ಲಿಗೆ ಅಂತ. ಅವನು ಕೆಲಸಕ್ಕೆ ಸೇರಿ ಒಂದು ವರ್ಷ ತುಂಬುವುದರಲ್ಲಿತ್ತು. ಆ ತಿಂಗಳು ಅವನಿಗೆ ಪರ್ಮನೆಂಟ್ ಲೆಟರ್ ಕೊಡುವುದೆಂದು ಆಗಿತ್ತು. ಅವನಿಗೆ ಅನುಗೊಂಡನಹಳ್ಳಿಯ ಹೆಣ್ಣು ಗೊತ್ತಾಗುವುದರಲ್ಲಿತ್ತು, ಇಬ್ಬರೂ ಒಪ್ಪಿದ್ದರು. ಕೆಲಸ ಪರ್ಮನೆಂಟ್ ಆಗಲಿ, ಲೆಟರ್ ನೋಡಿ ಮಾತು ಮುಗಿಸೋಣ ಅಂದಿದ್ದರು ಹೆಣ್ಣಿನ ಕಡೆಯವರು. ಯಜಮಾನರು ಅವತ್ತು ಲೆಕ್ಕ ನೋಡುವ ಮೇಡಂಗೆ, "ಅವನ ಲೆಟರ್ ಈಗ ಬೇಡ, ನೋಡೋಣ" ಅಂದುಬಿಟ್ಟರು. ಅದನ್ನು ಮೇಡಂ ನನಗೆ ಹೇಳಿದರು. ಅವನೂ ಕೇಳಿಸಿಕೊಂಡಿದ್ದ.

ಅವನು ದಿನಾ ಬೆಳಗ್ಗೆ ಬೈಕ್ ಹತ್ತಿ ನಾಲ್ಕೈದು ಊರು ಮುಗಿಸಿ ಬರುತ್ತಿದ್ದ. ಬಿಸಿಲಿಗೆ ಮುಖ ಕಪ್ಪಗಾಗಿತ್ತು. ಹೋದಲ್ಲೆಲ್ಲ ಸೆಕ್ರೆಟರಿಗಳು ಬಾಯಿಗೆ ಬಂದ ಹಾಗೆ ಬೈದು ಕಳಿಸುತ್ತಿದ್ದರು. ನಾನು ಮನೆಯಿಂದ ಅವನಿಗೂ ಸೇರಿಸಿ ಡಬ್ಬಿ ತರತೊಡಗಿದೆ. ರಾಗಿ ಮುದ್ದೆ ಕಟ್ಟಿಕೊಂಡು ಬರಲಾಗದು ಅಂತ ಚಪಾತಿ, ಅದರ ಜೊತೆ ಅವನಿಗೆ ಇಷ್ಟ ಅಂತ ಅವರೆಕಾಳಿನ ಸಾರು. "ಏನಕ್ಕ, ಜೋರು ಉಪಚಾರ" ಅಂತ ನಕ್ಕು ತಗೊಂಡು ಹೋಗುತ್ತಿದ್ದ. ಆ ನಗು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಮನೆಗೆ ಹೋದರೆ ಅಲ್ಲೂ ಅದೇ. ಅತ್ತೆ ಡೈರಿಗೆ ಹಾಲು ಹಾಕಿ ಬಂದು ಕ್ಯಾನ್ ತೊಳೆಯುತ್ತಾ ಹೇಳಿದರು.

"ಡೈರೀಲಿ ಅದೇನೋ ಡಬ್ಬ ಕೆಟ್ಟೋಗಿತ್ತಂತೆ ಕಣಮ್ಮಿ. ಒಬ್ಬ ಹುಡ್ಗ ಬಂದಿದ್ದ ಸರಿ ಮಾಡಾಕೆ. ಸೆಕ್ರೆಟರಿ ಏನ್ ಉಗ್ದ ಅಂತೀಯ! ಆ ಹುಡ್ಗ ಒಂದ್ ಮಾತು ಎದುರಾಡ್ಲಿಲ್ಲ. ಯಾರೆತ್ತ ಮಗನೋ ಪಾಪ."

ನಾನು ಮಗುವನ್ನು ಎತ್ತಿಕೊಂಡು ಒಳಗೆ ಹೋದೆ. ನಾಳೆ ಹೇಳಿಬಿಡುತ್ತೇನೆ ಅಂತ ದಿನಾ ಅಂದುಕೊಳ್ಳುತ್ತಿದ್ದೆ. ನಾಳೆ ಬಂದಾಗ, ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುವ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕಲ್ಲ ಅಂತ ಹಿಂಜರಿಯುತ್ತಿದ್ದೆ. ಒಂದೊಂದು ದಿನ ಕಳೆದ ಹಾಗೂ ಹೇಳುವುದು ಇನ್ನಷ್ಟು ಕಷ್ಟವಾಗುತ್ತಿತ್ತು.

ಮುಂದಿನ ವಾರದ ಶನಿವಾರ. ಬಸ್ಸಿಳಿದು ಟೀ ಅಂಗಡಿ ಮುಂದೆ ಬರುವಾಗ ಬಿಳಿ ಶರಟು ಪಂಚೆಯ ಹಿರಿಯರೊಬ್ಬರು ಸ್ಕೂಟರ್ ಪಕ್ಕ ನಿಂತಿದ್ದರು. ನನ್ನ ಕೊರಳಿನ ಐಡಿ ಕಾರ್ಡ್ ನೋಡಿ ಹತ್ತಿರ ಬಂದರು.

"ಮೇಲ್ಗಡೆ ಆಫೀಸಲ್ಲಿ ಕೆಲ್ಸ ಮಾಡ್ತೀರೇನಮ್ಮ?"

"ಹೌದು, ಹೇಳಿ."

"ನಮ್ದು ಅನುಗೊಂಡನಳ್ಳಿ. ನಮ್ ಅಕ್ಕನ ಮಗಳ್ಗೆ ಇಲ್ಲಿ ಒಬ್ಬ ಹುಡುಗ್ನ ನೋಡಿದ್ವಿ. ಅರಿಶಿನಕುಂಟೆಯವ್ನು. ಅವ್ನ ವಿಚಾರ ಒಸಿ ಕೇಳ್ಕೊಂಡೋಗಾನ ಅಂತ ಬಂದೆ."

ಹುಡುಗ ಕೆಲಸ ಮಾಡುವ ಕಡೆ ಬಂದು ಗುಟ್ಟಾಗಿ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ. ನನ್ನ ಗಂಡನ ವಿಚಾರವನ್ನೂ ನನ್ನ ಸೋದರಮಾವ ಹೀಗೇ ಒಂದು ಸೈಕಲ್ ಶಾಪಿನಲ್ಲಿ ಕೇಳಿಕೊಂಡು ಬಂದಿದ್ದರು. ಒಳ್ಳೆಯ ಹುಡುಗ, ಕುಡಿಯೋದಿಲ್ಲ, ಮನೆ ಕಡೆ ಜವಾಬ್ದಾರಿ ಇದೆ ಅಂತೆಲ್ಲ ನಾನು ಹೇಳುತ್ತಾ ಹೋದೆ. ಅವರು ತಡೆದರು.

"ಅದೆಲ್ಲಾ ಸರಿ ಕಣಮ್ಮ. ನಾನು ನಮ್ಮೂರ್ ಡೈರಿ ಸೆಕ್ರೆಟ್ರಿ. ಮೊನ್ನೆ ನಮ್ ಮಿಷನ್ ಕೆಡಿಸ್ಬುಟ್ಟು, ಸರಿ ಮಾಡಾಕೆ ಬಂದಿದ್ದ ಹುಡ್ಗನ್ನ ನಾನೇ ಹಿಗ್ಗಾಮುಗ್ಗಾ ಬೈದೆ. ಆಮೇಲೆ ಮನೇಲಿ ಫೋಟೋ ನೋಡುದ್ರೆ ಇವ್ನೇ! ನಲವತ್ತೂರ್ ಮಿಷನ್ ಕೆಡಿಸಿದವ್ನಿಗೆ ಪರ್ಮನೆಂಟ್ ಯಾರ್ ಮಾಡ್ತಾರೆ? ನೀವೇ ಹೇಳಿ, ಜೊತೇಲಿ ಕೆಲ್ಸ ಮಾಡೋರು. ಹುಡ್ಗ ಕೈ ನಿದಾನ ಇಲ್ದೋನಾ?"

ವಿಮಾನವೊಂದು ಮೇಲೆ ಹೋಯಿತು. ಅವರು ಮಾತು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಾ ನಿಂತರು. ಅದರ ಸದ್ದು ಪೂರ್ತಿ ಹೋಗುವ ತನಕ ನನಗೆ ಹೊತ್ತು ಸಿಕ್ಕಿತು. ಇನ್ನು ತಲೆ ಆಡಿಸಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

"ಕೆಡಿಸಿದ್ದು ಅವನಲ್ಲ. ನಾನು" ಅಂದೆ. "ಅವತ್ತು ಅವನು ಸೂಲಿಬೆಲೇಲಿದ್ದ. ಅವನ ಕಂಪ್ಯೂಟರಲ್ಲಿ ಕೂತು ನಾನು ತಪ್ಪು ನಂಬರ್ ಹಾಕ್ದೆ. ಬೈಸ್ಕೊಂಡಿದ್ದು ಮಾತ್ರ ಅವನು."

 ಅವರು ತಲೆಯ ಹಿಂದೆ ಕೆರೆದುಕೊಂಡು, "ಅಂಗಾ? ಅಯ್ಯೋ, ಸುಮ್ನೆ ಬೈದ್ಬುಟ್ನಲ್ಲ" ಅಂದರು. ಮತ್ತೆ ಒಂದು ನಿಮಿಷ ಬಿಟ್ಟು, "ಸಿಗರೇಟೂ ಇಲ್ವಾ?" ಅಂದರು. ಇಲ್ಲ ಅಂದೆ. ಸ್ಕೂಟರ್ ಹತ್ತಿ ಹೋದರು.

ನಾನು ನೇರ ಯಜಮಾನರ ಕೋಣೆಗೆ ನುಗ್ಗಿದೆ. ಈಗ ಹೇಳದಿದ್ದರೆ ಟೀ ಅಂಗಡಿಯವನಿಗೆ ಗೊತ್ತಾಗಿ ಅವನೇ ಹೇಳುತ್ತಿದ್ದ, ಅದು ಬೇರೆ ಮಾತು. ಅವರು ಮೊದಲು ಗೋಡೆಯ ಗಡಿಯಾರ ನೋಡಿದರು. ಹತ್ತು ಗಂಟೆ. ಶನಿವಾರ ಹತ್ತೂವರೆಯ ತನಕ ರಾಹುಕಾಲ.

"ಆಮೇಲೆ ಬಾಮ್ಮ."

"ಇದು ಒಳ್ಳೆ ಮಾತಲ್ಲ ಸರ್, ಈಗ್ಲೇ ಹೇಳ್ಬೋದು" ಅಂದು ಕೂತೇಬಿಟ್ಟೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ತಲೆ ಆಡಿಸಿದ್ದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಕೋಪವೂ ಬಂತು. "ತಪ್ಪು ನಂದೇ ಸರ್. ಆದ್ರೆ ಎರಡೂವರೆ ಹಾಕು, ಮೂರಕ್ಕೆ ಹೋಗ್ಬೇಡ ಅಂದಿದ್ದು ನೀವೇ."

ಅವರು ಕನ್ನಡಕ ತೆಗೆದರು. "ಏನಂದೆ? ಇನ್ನೊಂದ್ಸಲ ಹೇಳು."

"ಎರಡೂವರೆಗೆ ಹಾಕ್ಬಿಡಮ್ಮ ಅಂದ್ರಿ."

"ಗಂಟೆ ಕಣಮ್ಮ! ಎರಡೂವರೆ ಗಂಟೆಗೆ ಹಾಕು ಅಂದಿದ್ದು! ಮಂಗಳವಾರ ಮೂರಕ್ಕೆ ರಾಹುಕಾಲ ಶುರುವಾಗುತ್ತಲ್ಲ, ಅಲ್ಲಿವರ್ಗೂ ಹೋಗೋದು ಬೇಡ ಅಂದಿದ್ದು!"

ಮಂಗಳವಾರ, ಮೂರು ಗಂಟೆ ಅಂತ ನಾನು ಬೆರಳು ಮಡಿಸಿ ನೋಡಿಕೊಂಡೆ. ಅವರು ಬಿಡಲಿಲ್ಲ.

"ನಾಲ್ಕು ಎಲ್ಲೋಯ್ತು ಅಂತ ನಿಂಗಾದ್ರೂ ಅನ್ನಿಸ್ಲಿಲ್ವಾ?"

"ನಾಲ್ಕು ರಾಹು ಸಂಖ್ಯೆ ಅಲ್ವಾ ಸರ್. ಅದಕ್ಕೇ ನೀವು ಬಿಟ್ರಿ ಅಂದ್ಕೊಂಡೆ."

ಅವರು ನನ್ನನ್ನೇ ನೋಡಿದರು.  ಆಮೇಲೆ ಅವರ ಹೊಟ್ಟೆ ಅಲುಗತೊಡಗಿತು. ನಗು ತಡೆಯಲು ನೋಡಿ ಆಗದೆ ಮೇಜು ಬಡಿದು ನಕ್ಕರು. ನಾನೂ ನಕ್ಕೆ, ಅಳುವಿನ ಜೊತೆಯಲ್ಲೇ. ನಕ್ಕು ಮುಗಿದ ಮೇಲೆ ಅವರ ಮುಖ ಗಂಭೀರವಾಯಿತು.

"ನಂಬರ್ ತಪ್ಪಿದ್ದು ಬಿಡು, ಅದ್ರಲ್ಲಿ ನಂದೂ ಅರ್ಧ ಇದೆ. ಆದ್ರೆ ಆ ಹುಡುಗನ್ನ ಇಷ್ಟು ದಿನ ಬೇಯಿಸಿದ್ಯಲ್ಲಮ್ಮ, ಅದು ಪೂರ್ತಿ ನಿಂದೇ."

ಹೌದು ಸರ್ ಅಂದೆ. ಮನೆಯಲ್ಲಿ ಅರ್ಧ ಮನಸ್ಸು ಅನ್ನುವ ಮಾತಿನ ಭಯದಿಂದ ಹೇಳಲಿಲ್ಲ ಅಂತ ಅದನ್ನೂ ಹೇಳಿಬಿಟ್ಟೆ. ಅವರು ತಬ್ಬಿಬ್ಬಾದರು. ಅದು ತಮ್ಮ ಸೊಸೆಯ ವಿಚಾರಕ್ಕೆ ಬೀಗರ ಹತ್ತಿರ ಆಡಿದ ಮಾತು ಅಂದರು. ಸೊಸೆಯ ವಿಚಾರಕ್ಕೂ ಹಾಗೆ ಆಡಬಾರದು ಅಂತ ನಾನು ಅನ್ನಲಿಲ್ಲ, ಮುಖದಲ್ಲಿ ತೋರಿಸಿದೆ. ಹತ್ತೂಮುಕ್ಕಾಲಿಗೆ ಲೆಕ್ಕದ ಮೇಡಂ ಅನ್ನು ಕರೆಸಿ, ಪಕ್ಕಕ್ಕಿಟ್ಟಿದ್ದ ಪರ್ಮನೆಂಟ್ ಲೆಟರಿಗೆ ಸಹಿ ಹಾಕಿದರು. ಕೊನೆಯ ಎರಡು ಊರು ಮುಗಿಸಿ ಮಧ್ಯಾಹ್ನ ಬಂದ ಹುಡುಗನಿಗೆ ಎಲ್ಲರೆದುರು ಅದನ್ನು ಕೊಟ್ಟರು. ತಪ್ಪು ನನ್ನದು ಅಂತ ನಾನು ಎಲ್ಲರೆದುರು ಹೇಳಿದೆ. ಹೇಳುವ ಮೊದಲು ಅಷ್ಟು ಹೆದರಿದ್ದೆನಲ್ಲ, ಹೇಳಿ ಮುಗಿದ ಮೇಲೆ ಮೈ ಎಷ್ಟು ಹಗುರವಾಯಿತೆಂದರೆ ಅವತ್ತು ಬಸ್ಸಿನಲ್ಲಿ ಕೂತದ್ದೇ ನಿದ್ದೆ ಬಂದು ಸೂಲಿಬೆಲೆ ದಾಟಿ ಹೋಗಿಬಿಟ್ಟೆ.

ಸೋಮವಾರ ಯಜಮಾನರು ಕರೆದು, "ಇನ್ಮೇಲೆ ನಂಬರನ್ನ ಬಾಯಲ್ಲಿ ಹೇಳೋದೂ ಬೇಡ, ಕೈಯಲ್ಲಿ ಹಾಕೋದೂ ಬೇಡ. ಏನಾದ್ರೂ ಮಾಡಿ" ಅಂದರು. ನಾನು ಅರಿಶಿನಕುಂಟೆಯ ಹುಡುಗನ ಹತ್ತಿರ ಹೋಗಿ, "ಅವತ್ತು ಏನೋ ಹೇಳ್ತಿದ್ಯಲ್ಲ, ಆಟೋಮ್ಯಾಟಿಕ್ಕು, ಬಾ ಮಾಡೋಣ" ಅಂದೆ. ಅವನು ನಗಲಿಲ್ಲ, ಅವನ ದೊಡ್ಡತನ.

ಮೂರು ವಾರ ಕೂತು ಮಾಡಿದೆವು. ಯಾರೇ ತಮ್ಮ ಕೆಲಸ ಮುಗಿಸಿ ಸೇರಿಸುವಾಗ, ಏನು ಮಾಡಿದೆವು ಅಂತ ಬರೆಯುವ ಸಾಲಿನ ಮೊದಲಲ್ಲಿ ರಿಪೇರಿ ಅಥವಾ ಹೊಸದು ಅನ್ನುವ ಒಂದು ಪದ ಹಾಕಬೇಕು. ಕಂಪ್ಯೂಟರ್ ಆ ಪದಗಳನ್ನು ಓದುತ್ತದೆ. ಸಂಖ್ಯೆಗೂ 2.4.0 ಅಂತ ಮೂರು ಅಂಕಿ ಮಾಡಿದೆವು. ಬರೀ ರಿಪೇರಿಯಾದರೆ ಕೊನೆಯ ಅಂಕಿ ಒಂದು ಹೆಚ್ಚುತ್ತದೆ, ಒಂದಾದರೂ ಹೊಸದಿದ್ದರೆ ನಡುವಿನ ಅಂಕಿ. ಪರೀಕ್ಷೆಗಳನ್ನೆಲ್ಲ ತಾನೇ ಓಡಿಸುತ್ತದೆ. ಪಾಸಾದರೆ ಮುಂದಿನ ಸಂಖ್ಯೆಯನ್ನು ಒಕ್ಕೂಟಕ್ಕೆ ಬರೆದು ಕಳಿಸುತ್ತದೆ. ಅವರು ಒಪ್ಪಿದರೆ ಮಾತ್ರ ಟ್ಯಾಗ್ ಹಾಕುತ್ತದೆ. ನಡುವೆ ಯಾರ ಬಾಯಿಯೂ ಇಲ್ಲ, ಯಾರ ಕಿವಿಯೂ ಇಲ್ಲ. ಮೊದಲ ದಿನ ಎಲ್ಲರೂ ಹೊಸದು ಅನ್ನುವುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತಮಗೆ ತೋಚಿದ ಹಾಗೆ ಬರೆದರು. ಕಂಪ್ಯೂಟರ್ ಒಂದನ್ನೂ ಒಪ್ಪದೆ ಕೂತಿತು. ಕೊನೆಗೆ ಕನ್ನಡದಲ್ಲೇ ಬರೆಯಿರಿ ಅಂತ ಆಯಿತು.

ರಾಹುಕಾಲದ ಏಳು ಸಾಲು ಯಜಮಾನರ ಷರತ್ತು. ನಾನು ಒಂದು ಮಾತೂ ಆಡದೆ ಬರೆದೆ. ಎಂಟು ಬಂದರೆ ಏನು ಮಾಡುತ್ತೆ ಅಂತ ಕೇಳಿದರು. ಎಂಟೇ ಹಾಕುತ್ತೆ ಸರ್ ಅಂದೆ. ಬಹಳ ಹೊತ್ತು ಯೋಚಿಸಿ, "ಸರಿ, ನಾವು ಹಾಕಿದ ಹಾಗಾಗಲ್ಲ ಅಲ್ವಾ" ಅಂದರು.

ಮೊದಲ ಟ್ಯಾಗ್ ತಾನಾಗಿ ಬಿದ್ದದ್ದು ಒಂದು ಗುರುವಾರ ಸಂಜೆ ನಾಲ್ಕಕ್ಕೆ. ಒಂದು ಸಣ್ಣ ರಿಪೇರಿ, 2.4.1. ಬೇರೆಯವರೆಲ್ಲ ಟೀಗೆ ಇಳಿದಿದ್ದರು. ನಾನು ಮತ್ತು ಆ ಹುಡುಗ ಪರದೆ ನೋಡುತ್ತಾ ಕೂತಿದ್ದೆವು. ಪರೀಕ್ಷೆಗಳು ಒಂದೊಂದಾಗಿ ಹಸಿರಾದವು. ಒಕ್ಕೂಟದ ಒಪ್ಪಿಗೆ ಬೆಳಗ್ಗೆಯೇ ಬಂದಿತ್ತು. ಟ್ಯಾಗ್ ಬಿತ್ತು. ಐದು ನಿಮಿಷದಲ್ಲಿ ಸೂಲಿಬೆಲೆ ಹೊಸದನ್ನು ತಗೊಂಡಿತು, ಆಮೇಲೆ ಅನುಗೊಂಡನಹಳ್ಳಿ, ಆಮೇಲೆ ಸಾಲಾಗಿ ಎಲ್ಲ ಊರೂ. ಒಂದೂ ಬಾಗಿಲಲ್ಲಿ ನಿಲ್ಲಲಿಲ್ಲ. ಟ್ಯಾಗ್ ಹಾಕಿದವರು ಅನ್ನುವ ಜಾಗದಲ್ಲಿ ಯಾರ ಹೆಸರೂ ಇರಲಿಲ್ಲ, ಕೆಲಸ ಮಾಡಿದ ಪ್ರೋಗ್ರಾಮಿನ ಹೆಸರಿತ್ತು.

ನನ್ನ ಕೈಯಿಂದ ಒಂದು ಹಕ್ಕು ಹೋಯಿತು. ದುಃಖವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಮಗು ಹುಟ್ಟಿದ ಮೇಲೆ ಮೊದಲ ಸಲ ಭುಜ ಇಳಿಸಿ ಕುರ್ಚಿಗೆ ಒರಗಿದೆ.

"ಇನ್ಮೇಲೆ ಯಾರ ಹೆಸ್ರೂ ಬರಲ್ಲ ಅಲ್ವಾ ಅಕ್ಕ" ಅಂದ ಅವನು. ಅವನ ಮದುವೆಯ ಮಾತು ಹಿಂದಿನ ಭಾನುವಾರ ಮುಗಿದಿತ್ತು. ಹುಡುಗಿಯ ಸೋದರಮಾವ ಬೈದದ್ದಕ್ಕೆ ಪರಿಹಾರವಾಗಿ ಒಂದು ಬುಟ್ಟಿ ಮಾವಿನಹಣ್ಣು ಕಳಿಸಿದ್ದರಂತೆ.

ಎಷ್ಟು ದಿನದಿಂದ ಕೇಳಬೇಕು ಅಂದುಕೊಂಡಿದ್ದನ್ನು ಆಗ ಕೇಳಿದೆ. "ಲೇ, ನಿಜ ಹೇಳು. ಅವತ್ತು ಹಾಕಿದ್ದು ನಾನು ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತೇ ಅಕ್ಕ. ಸರ್ ಹೆಸ್ರು ನೋಡಿದ್ರು. ನಾನು ಟೈಮ್ ನೋಡ್ದೆ. ಒಂದು ಹತ್ತು. ಆಗ ನಾನು ಸೂಲಿಬೆಲೆ ಡೈರೀಲಿದ್ದೆ."

ನನ್ನ ಮುಖ ಬಿಸಿಯಾಯಿತು. "ಮತ್ತೆ ಯಾಕೋ ಹೇಳ್ಲಿಲ್ಲ? ನಿನ್ನ ಲೆಟರ್ ನಿಂತೋಗಿತ್ತಲ್ಲೋ. ಮದ್ವೆ ನಿಂತೋಗೋದ್ರಲ್ಲಿತ್ತು."

"ಮಗು ಸಣ್ದು, ಈಗಷ್ಟೇ ವಾಪಸ್ ಬಂದಿದ್ದೀರ ಅಂತ ಮೊದಲ್ನೇ ದಿನ ಸುಮ್ನಾದೆ. ಆಮೇಲೆ, ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ದಿನಾ ಸಂಜೆ ಬಂದಾಗ ಇವತ್ತು ಹೇಳಿರ್ತಾರೆ, ಇವತ್ತು ಹೇಳಿರ್ತಾರೆ ಅಂತ ಮೆಟ್ಟಿಲು ಹತ್ತುತ್ತಿದ್ದೆ." ಅವನು ಪರದೆಯನ್ನೇ ನೋಡುತ್ತಿದ್ದ. "ಹನ್ನೊಂದು ದಿನ ಆಯ್ತು ಅಕ್ಕ."

ನಾನು ದಿನ ಎಣಿಸಿಯೇ ಇರಲಿಲ್ಲ.

"ನಾನು ಹೇಳ್ದೇ ಇದ್ದಿದ್ರೆ?"

ಅವನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ.

"ಗೊತ್ತಿಲ್ಲ ಅಕ್ಕ. ಹನ್ನೆರಡನೇ ದಿನ ಹೇಳ್ಬಿಡ್ತಿದ್ನೇನೋ. ಅದು ಬರ್ಲಿಲ್ವಲ್ಲ, ಬಿಡಿ."

ಅವನು ಟೀಗೆ ಎದ್ದು ಹೋದ. ನಾನು ಅಲ್ಲೇ ಕೂತು ಸೆರಗು ಬಾಯಿಗೊತ್ತಿಕೊಂಡು ಜೋರಾಗಿ ಅತ್ತೆ. ನಾಚಿಕೆಗೆ ಅತ್ತದ್ದೂ ಹೌದು. ಆದರೆ ಹೆಚ್ಚಾಗಿ, ಆ ಹನ್ನೆರಡನೆಯ ದಿನ ನನ್ನ ಬಾಳಿನಲ್ಲಿ ಬರಲಿಲ್ಲವಲ್ಲ ಅನ್ನುವ ನೆಮ್ಮದಿಗೆ ಅತ್ತೆ.